ಗುಣ ಅನ್ನೋದು ಲೇಬಲ್ ಅಲ್ಲ

ನಮ್ಮ ದಾವಣಗೆರೆ ಕಡೆ ಯಾರಾದ್ರೂ ಸ್ವಲ್ಪ ಜೋರು ಮಾತಾಡಿದ್ರೆ ಸಾಕು 'ಬಿಡ್ರಿ, ಅವಂದು ರಾಜಸ ಗುಣ' ಅಂದ್ಬಿಡ್ತಾರೆ, ಲೇಟಾಗಿ ಏಳೋ ಹುಡುಗ ತಾಮಸ, ಈರುಳ್ಳಿ ಬೆಳ್ಳುಳ್ಳಿ ಬಿಟ್ಟೋರು ಸಾತ್ವಿಕರು. ಮೊನ್ನೆ ನಮ್ಮ ಚಿಕ್ಕಪ್ಪನ ಮಗಳು ಆಫೀಸಲ್ಲಿ ಮಾಡ್ಸಿದ ಪರ್ಸನಾಲಿಟಿ ಟೆಸ್ಟ್ ರಿಸಲ್ಟ್ ತೋರಿಸಿದ್ಲು, ಅದೂ ಹಂಗೇ, ನಾಲ್ಕು ಅಕ್ಷರದಲ್ಲಿ ಆ ಹುಡುಗಿ ಕಥೆ ಮುಗೀತು.

ಗೀತೆಯ 14ನೇ ಅಧ್ಯಾಯದಲ್ಲಿ ಹಂಗಿಲ್ಲ ನೋಡ್ರಿ. ಅಲ್ಲಿ 10ನೇ ಶ್ಲೋಕದ ಪ್ರಕಾರ ಎಲ್ಲರಲ್ಲೂ ಇರೋ ಮೂರು ಗುಣದಲ್ಲಿ ಒಂದು ಹೊತ್ತಲ್ಲಿ ಸತ್ವ (ತಿಳಿತನ) ಉಳಿದೆರಡನ್ನ ಅದುಮಿ ಮೇಲೆ ಬರುತ್ತೆ, ಇನ್ನೊಂದು ಹೊತ್ತಲ್ಲಿ ರಜಸ್ಸು (ಆಸೆ, ಓಡಾಟ), ಮತ್ತೊಂದು ಹೊತ್ತಲ್ಲಿ ತಮಸ್ಸು (ಜಡತನ). ಮಂಡಿಪೇಟೆಲಿ ಅಂಗಡಿ ಇಟ್ಟಿರೋ ನಮ್ಮ ಮಾವನ್ನೇ ತಗೊಳ್ರಿ, ಬೆಳಿಗ್ಗೆ ಪೂಜೆ ಮುಗಿಸಿ ಕೂತಾಗ ಎಷ್ಟು ತಿಳಿಯಾಗಿ ಮಾತಾಡ್ತಾರೆ, ಗಿರಾಕಿ ಬರೋ ಹೊತ್ತಿಗೆ ಲಾಭ, ಓಡಾಟ, ಹೊಸ ಹೊಸ ಯೋಚನೆ, ಸಮಾಧಾನನೇ ಇಲ್ಲ, ಊಟ ಆದ್ಮೇಲೆ ಯಾರು ಬಂದ್ರೂ ಏಳಲ್ಲ. ಇದರಲ್ಲಿ ಯಾವುದು ಅವರ 'ಟೈಪ್'?

ಸಾಂಖ್ಯ ದರ್ಶನದ ಹಳೇ ಗ್ರಂಥ, ಈಶ್ವರಕೃಷ್ಣನ ಸಾಂಖ್ಯಕಾರಿಕೆಲಿ ಈ ಮೂರೂ ಗುಣ ಕೂಡಿ ಕೆಲಸ ಮಾಡೋದಕ್ಕೆ ದೀಪದ ಹೋಲಿಕೆ ಐತೆ. ಬತ್ತಿ, ಎಣ್ಣೆ, ಬೆಂಕಿ ಒಂದಕ್ಕೊಂದು ವಿರುದ್ಧ, ಆದ್ರೂ ಕೂಡಿದ್ರೇನೇ ಬೆಳಕು ಅಂತ ವ್ಯಾಖ್ಯಾನಕಾರರು ಅದನ್ನ ಬಿಡಿಸಿ ಹೇಳ್ತಾರೆ. ತಮಸ್ಸು ಪೂರ್ತಿ ಇಲ್ದಿದ್ರೆ ರಾತ್ರಿ ನಿದ್ದೆನೂ ಇಲ್ಲ.

ಊಟದ ವಿಷಯಾನೂ ಹೇಳ್ಬೇಕು. 17ನೇ ಅಧ್ಯಾಯದಲ್ಲಿ ಖಾರ, ಹುಳಿ, ಉಪ್ಪು ಜಾಸ್ತಿ ಇರೋದು ರಾಜಸರಿಗೆ ಇಷ್ಟ ಅಂತ ಐತೆ. ಅದನ್ನ ತಿರುಗಿಸಿ, ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿನ್ನೋರೆಲ್ಲ ರಾಜಸರು ಅಂದ್ರೆ ಇಡೀ ಊರಿಗೇ ಒಂದೇ ಸ್ವಭಾವ ಆಗ್ಬೇಕಿತ್ತು.

ನನ್ನ ತುಂಬಾ ಕಾಡಿದ್ದು 14ನೇ ಅಧ್ಯಾಯದ 6ನೇ ಶ್ಲೋಕ. ಸತ್ವಾನೂ ಕಟ್ಟಿಹಾಕುತ್ತೆ ಅಂತಾನೆ ಕೃಷ್ಣ, ಸುಖದ ಮೇಲಿನ ಅಂಟಿನಿಂದ, ಜ್ಞಾನದ ಮೇಲಿನ ಅಂಟಿನಿಂದ. ನಾನು ಶಾಂತ ಮನುಷ್ಯ, ನಾನು ಓದಿಕೊಂಡೋನು ಅನ್ನೋ ಹೆಮ್ಮೆ ಐತಲ್ಲ, ಅದು ಸಿಟ್ಟಿಗಿಂತ ಗಟ್ಟಿ ಹಗ್ಗ, ಯಾಕಂದ್ರೆ ಸಿಟ್ಟು ಕಣ್ಣಿಗೆ ಬೀಳುತ್ತೆ, ಇದು ಬೀಳಲ್ಲ, ಮೇಲಾಗಿ ಊರೋರೆಲ್ಲ ಹೊಗಳ್ತಾರೆ.

'ಹಂಗಾದ್ರೆ ನಾನ್ ಯಾವ ಗುಣದೋಳು ಅಣ್ಣಾ' ಅಂತ ತಂಗಿ ಕೇಳಿದ್ಲು. ಈಗ ಈ ಗಳಿಗೆಲಿ ಯಾವುದು ಮೇಲೆ ಐತೆ ನೋಡ್ಕೋ, ಸಂಜೆ ಮತ್ತೆ ನೋಡ್ಕೋ ಅಂದೆ. ನಾನು ಮಾಡೋದೂ ಅಷ್ಟೇ, ಮನಸ್ಸು ಕುದೀತಿದ್ರೆ ಮೆಸೇಜ್ ಟೈಪ್ ಮಾಡಿದ್ರೂ ಬೆಳಿಗ್ಗೆವರೆಗೂ ಕಳ್ಸಲ್ಲ.