‘ಜಿಂಕೆಗೆ ಕಾಳು ಹಾಕಾಕ ರೊಕ್ಕ ಕೊಡ್ತಾರಾ?’

ರಾಣೆಬೆನ್ನೂರಿಗೆ ಹೋದಾಗ ಮನೆಗೆ ಬಂದ ನೆಂಟರು, ಇಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೊದಲ್ಲಿ ಕನ್ನಡದವರು ಸೇರಿದಾಗ ಪಕ್ಕದಲ್ಲಿ ಕೂತವರು, ಎಲ್ಲರೂ ಕೇಳುವುದು ಇದನ್ನೇ: “ಶನಿವಾರ ಬಂದ್ರೆ ಜಿಂಕೆಗೆ ಜೋಳ ಹಾಕೋಕೆ ಹೋಗ್ತೀರಂತೆ, ಹೌದಾ? ಅದಕ್ಕೂ ದುಡ್ಡು ಕೊಡ್ತಾರಾ?” ಸ್ವಲ್ಪ ತಡೆದು ಇನ್ನೊಂದು ಪ್ರಶ್ನೆಯೂ ಬರುತ್ತದೆ: “ಆಮೇಲೆ ಅವನ್ನ ಹೊಡೀತಾರಲ್ಲ, ನಿಮಗೇನೂ ಅನ್ಸಲ್ವಾ?” ಊಟದ ತಟ್ಟೆ ಕೈಯಲ್ಲಿ ಹಿಡಿದುಕೊಂಡು ಎರಡು ಮಾತಲ್ಲಿ ಹೇಳಿ ಮುಗಿಸುವಂಥದ್ದಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ದುಡ್ಡು ಕೊಡುತ್ತಾರೆ. ಯಾಕೆ ಅಂತ ತಿಳಿಯಬೇಕಾದರೆ ಟೆಕ್ಸಸ್‌ನ ನೆಲದ ಲೆಕ್ಕ ಗೊತ್ತಿರಬೇಕು. ಈ ರಾಜ್ಯದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೆಲ ಖಾಸಗಿಯವರದು. ನಮ್ಮಲ್ಲಿ ಕಾಡು ಅಂದ ಕೂಡಲೇ ಅರಣ್ಯ ಇಲಾಖೆ ನೆನಪಾಗುತ್ತದೆ. ಇಲ್ಲಿ ಕಾಡಿಗೂ ಒಬ್ಬ ಒಡೆಯ, ಒಂದು ತಂತಿಬೇಲಿ, ಒಂದು ಬೀಗ. ಆದರೆ ಆ ಬೇಲಿಯೊಳಗೆ ಓಡಾಡುವ ಬಿಳಿಬಾಲದ ಜಿಂಕೆ ಕಾನೂನಿನ ಪ್ರಕಾರ ರಾಜ್ಯದ ಜನರೆಲ್ಲರ ಸ್ವತ್ತು. ಬೇಟೆಯ ಲೈಸೆನ್ಸ್ ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಕಾಲಿಡುವುದಕ್ಕೆ ನೆಲ ಬೇಕಲ್ಲ? ಹಾಗಾಗಿ ಐದಾರು ಗೆಳೆಯರು ಸೇರಿ ಸಾವಿರವೋ ಎರಡು ಸಾವಿರವೋ ಎಕರೆಯ, ದನ ಮೇಯಿಸುವ ರ‍್ಯಾಂಚನ್ನು ವರ್ಷದ ಮಟ್ಟಿಗೆ ಲೀಸಿಗೆ ಹಿಡಿಯುತ್ತಾರೆ. ಎಕರೆಗೆ ಇಷ್ಟು ಅಂತಲೂ ಇದೆ, ಬಂದೂಕಿಗೆ, ಅಂದರೆ ಒಬ್ಬ ಬೇಟೆಗಾರನಿಗೆ, ಇಷ್ಟು ಅಂತಲೂ ಇದೆ. ದನ ಮಾತ್ರ ರ‍್ಯಾಂಚಿನವರದೇ ಮೇಯುತ್ತಿರುತ್ತವೆ. ಇವರಿಗೆ ಸಿಗುವುದು ಬೇಟೆಯ ಹಕ್ಕು.

ಇನ್ನು ಫೀಡರು, ಅಂದರೆ ಹೊತ್ತಿಗೆ ಸರಿಯಾಗಿ ತಾನೇ ಕಾಳು ಎರಚುವ ಯಂತ್ರ. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಕಾಳು ಚೆಲ್ಲಿ ಜಿಂಕೆ ಕರೆದು ಬೇಟೆಯಾಡುವಂತಿಲ್ಲ. ಟೆಕ್ಸಸ್‌ನ ಖಾಸಗಿ ನೆಲದಲ್ಲಿ ಅದಕ್ಕೆ ಅಡ್ಡಿಯಿಲ್ಲ. ಮೂರು ಕಾಲಿನ ಮೇಲೆ 55 ಗ್ಯಾಲನ್ನಿನ ಡ್ರಮ್ಮು. ತಳದಲ್ಲಿ ಒಂದು ಕೊಳವೆ, ಕೊಳವೆಯ ಕೆಳಗೆ ತಿರುಗುವ ತಟ್ಟೆ, ಪಕ್ಕದ ಪೆಟ್ಟಿಗೆಯಲ್ಲಿ ಮೋಟಾರು, ಟೈಮರು, 6 ಇಲ್ಲವೇ 12 ವೋಲ್ಟಿನ ಬ್ಯಾಟರಿ, ಹೊರಗೆ ಅಂಗೈಯಗಲದ ಸೋಲಾರ್ ಫಲಕ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಕೆಲವೇ ಸೆಕೆಂಡು ತಟ್ಟೆ ಗಿರ‍್ರನೆ ತಿರುಗಿ ಸುತ್ತಲೂ ಜೋಳ (ಮೆಕ್ಕೆಜೋಳ, ನಮ್ಮ ಕಡೆಯ ಗೊಂಜಾಳ) ಎರಚುತ್ತದೆ. ಆ ಸದ್ದಿಗೆ ಜಿಂಕೆಗಳು ಕಿವಿ ನೆಟ್ಟಗೆ ಮಾಡಿ ಬರುತ್ತವೆ. ಡ್ರಮ್ಮಿಗೆ 50 ಪೌಂಡಿನ ಆರು ಚೀಲ, ಅಂದರೆ ಸುಮಾರು 136 ಕಿಲೋ ಹಿಡಿಯುತ್ತದೆ. ದಿನಕ್ಕೆ ಮೂರೂವರೆ ಕಿಲೋ ಖರ್ಚಾದರೂ ಆರು ವಾರ ತುಂಬುವ ಮೊದಲೇ ಖಾಲಿ.

ನಾನು ಹೋಗುವುದು ಮೇಸನ್, ಲ್ಯಾನೊ, ಕೆರ್ ಕೌಂಟಿಗಳ ಕಡೆ. ಓಕ್ ಮರ, ಸೀಡರ್ ಪೊದೆ, ಅಲ್ಲಲ್ಲಿ ಗುಲಾಬಿ ಬಣ್ಣದ ಗ್ರಾನೈಟ್ ಬಂಡೆ. ಲ್ಯಾನೊ ಊರಂತೂ ತನ್ನನ್ನು ಟೆಕ್ಸಸ್‌ನ ಜಿಂಕೆ ರಾಜಧಾನಿ ಅಂತಲೇ ಕರೆದುಕೊಳ್ಳುತ್ತದೆ. ನನಗೆ ಮನೆಯಿಂದ ಎರಡು ಗಂಟೆಯ ದಾರಿ. ಲೀಸು ಹಿಡಿದವರಲ್ಲಿ ಹೆಚ್ಚಿನವರು ಹ್ಯೂಸ್ಟನ್ನಿನವರು, ಅವರಿಗೆ ನಾಲ್ಕೂವರೆ ಗಂಟೆ. ಎರಡು ತಾಸಿನ ಕೆಲಸಕ್ಕೆ ಒಂಬತ್ತು ತಾಸು ಗಾಡಿ ಓಡಿಸಿ, ಮಕ್ಕಳ ಶನಿವಾರ ಕಳೆದು ಯಾರು ಬರುತ್ತಾರೆ? ಅದಕ್ಕೇ ಕೂಲಿ ಕೊಟ್ಟು ಒಬ್ಬರನ್ನು ಇಟ್ಟುಕೊಳ್ಳುತ್ತಾರೆ.

ನಾನು ಒಂದು ಫೀಡರಿಗೆ ಒಂದು ಸಲಕ್ಕೆ 35 ಡಾಲರ್ ತೆಗೆದುಕೊಳ್ಳುತ್ತೇನೆ. ಜೋಳದ ಬಿಲ್ಲು ಬೇರೆ, ಪೆಟ್ರೋಲು ಬೇರೆ. ಚೀಲದ ಲೆಕ್ಕದಲ್ಲಿ ಕೂಲಿ ಕೊಡಬೇಡಿ ಅಂತ ಗ್ರಾಹಕರಿಗೆ ನಾನೇ ಹೇಳುತ್ತೇನೆ. ಚೀಲಕ್ಕಿಷ್ಟು ಅಂದರೆ ತುಂಬುವವರ ಗಮನವೆಲ್ಲ ಚೀಲದ ಮೇಲೆಯೇ ಇರುತ್ತದೆ. ತಳದ ಜೋಳಕ್ಕೆ ನೀರು ಇಳಿದಿದ್ದರೂ ಅದರ ಮೇಲೆ ಹೊಸದು ಸುರಿದು ಮುಂದಿನ ಗೇಟಿಗೆ ಹೊರಟುಬಿಡುತ್ತಾರೆ.

ಜೋಳ ಸುರಿಯುವುದು ಈ ಕೆಲಸದ ಸುಲಭದ ಭಾಗ. ಮೊದಲು ಡ್ರಮ್ಮಿನ ಹೊಟ್ಟೆಗೆ ಬೆರಳ ಗೆಣ್ಣಿನಿಂದ ಮೇಲಿಂದ ಕೆಳಗೆ ತಟ್ಟುತ್ತಾ ಬರುತ್ತೇನೆ; ಖಾಲಿ ಇರುವಲ್ಲಿ ಠಣ್ ಅನ್ನುತ್ತದೆ, ಕಾಳಿರುವಲ್ಲಿ ಸದ್ದು ಸಾಯುತ್ತದೆ. ಆಮೇಲೆ ಪೆಟ್ಟಿಗೆ. ಆಗಸ್ಟ್ ತಿಂಗಳಲ್ಲಿ ಪೆಟ್ಟಿಗೆಯ ಮುಚ್ಚಳಕ್ಕೆ ನೇರವಾಗಿ ಕೈ ಹಾಕುವಂತಿಲ್ಲ. ಉದ್ದದ ಕಡ್ಡಿಯಿಂದ ಕೊಕ್ಕೆ ಬಿಡಿಸಿ ಎರಡು ಹೆಜ್ಜೆ ಹಿಂದೆ ನಿಲ್ಲಬೇಕು. ಒಳಗೆ ಇಟ್ಟಿಗೆ ಬಣ್ಣದ ಕಣಜಗಳು ಗೂಡು ಕಟ್ಟಿಕೊಂಡು ರೆಕ್ಕೆ ಎತ್ತಿ ನಮ್ಮನ್ನೇ ನೋಡುತ್ತಿರುತ್ತವೆ. ಕಣಜ ಇಲ್ಲದಿದ್ದರೆ ಬೆಂಕಿ ಇರುವೆ. ಟೈಮರಿನ ಸಂದುಗೊಂದಿಗೆ ಮಣ್ಣು ತುಂಬಿ ವೈರಿನ ಮೇಲೆ ಸಾಲು ಹಿಡಿದಿರುತ್ತವೆ. ಅವನ್ನೆಲ್ಲ ಓಡಿಸಿ, ಬ್ಯಾಟರಿಯ ತುದಿಯಲ್ಲಿ ಕೂತ ಹಸಿರು ಕಿಲುಬನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಮೀಟರ್ ಹಿಡಿದು ವೋಲ್ಟು ನೋಡಿ, ಒಮ್ಮೆ ತಿರುಗಿಸಿ ಕಾಳು ಎಷ್ಟು ದೂರ ಬೀಳುತ್ತದೆ ಅಂತ ಕಣ್ಣಾರೆ ಕಂಡ ಮೇಲೆಯೇ ಏಣಿ ಹತ್ತುವುದು. ಸುತ್ತ ಕಟ್ಟಿದ ಹಂದಿಬೇಲಿಯನ್ನೂ ಒಂದು ಸುತ್ತು ನೋಡಬೇಕು. ಸೊಂಟದ ಎತ್ತರವೂ ಇಲ್ಲದ ಆ ಬೇಲಿಯನ್ನು ಜಿಂಕೆ ಹಾರಿ ಬರುತ್ತದೆ, ಕಾಡುಹಂದಿಗೆ ಆಗುವುದಿಲ್ಲ. ಆದರೆ ಒಂದು ಕಡೆ ಮೂತಿ ತೂರುವಷ್ಟು ಸಡಿಲವಾದರೂ ಸಾಕು, ಇಡೀ ಹಿಂಡು ಒಳಗೆ.

ಮೊದಲ ವರ್ಷ ಒಬ್ಬ ಗ್ರಾಹಕ ಫೋನು ಮಾಡಿ, “ನೀವು ತುಂಬಿಯೇ ಇಲ್ಲ, ಹತ್ತೇ ದಿನಕ್ಕೆ ಡ್ರಮ್ಮು ಖಾಲಿಯಾಗಿದೆ” ಅಂದ. ನಾನು ಆರು ಚೀಲ ಹೆಗಲ ಮೇಲೆ ಹೊತ್ತು ಸುರಿದು ಬಂದಿದ್ದೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಮರುವಾರ ಹೋಗಿ ಮರಕ್ಕೆ ಕಟ್ಟಿದ್ದ ಕ್ಯಾಮರಾದ ಕಾರ್ಡು ತೆಗೆದು ನೋಡಿದರೆ, ರಾತ್ರಿ ಎರಡು ಗಂಟೆಗೆ ರಕೂನೊಂದು (ಮರ ಹತ್ತುವ ಇಲ್ಲಿಯ ಒಂದು ಸಣ್ಣ ಕಾಡುಪ್ರಾಣಿ) ಫೀಡರಿನ ಕಾಲು ಹತ್ತಿ, ತಲೆಕೆಳಗಾಗಿ ನೇತಾಡಿಕೊಂಡು, ಮಕ್ಕಳ ಕೈಯಂಥ ಕೈಯಿಂದ ತಟ್ಟೆಯನ್ನು ಒಂದೇ ಸಮನೆ ತಿರುಗಿಸುತ್ತಿತ್ತು. ಕೆಳಗೆ ನಾಲ್ಕು ರಕೂನುಗಳು ಕೂತು ತಿನ್ನುತ್ತಿದ್ದವು. ಫೋಟೋ ಕಳಿಸಿದೆ, ಆತ ಕ್ಷಮೆ ಕೇಳಿದ, ತಟ್ಟೆಗೆ ತಂತಿಯ ಪಂಜರ ಹಾಕಿದೆವು. ಅಂದಿನಿಂದ ಪ್ರತಿ ಫೀಡರಿಗೂ ನಾಲ್ಕು ಫೋಟೋ: ತುಂಬುವ ಮೊದಲು, ತುಂಬಿದ ಮೇಲೆ, ಮೀಟರಿನ ಅಂಕಿ, ನೆಲದ ಮೇಲಿನ ಹೆಜ್ಜೆ ಗುರುತು. ಯಾರನ್ನಾದರೂ ಈ ಕೆಲಸಕ್ಕೆ ಇಟ್ಟುಕೊಳ್ಳುವವರು ಮೊದಲು ಕೇಳಬೇಕಾದದ್ದು ಈ ಫೋಟೋಗಳನ್ನೇ.

ನಾನು ಯಾವ ಕಾರಣಕ್ಕೂ ರಾಜಿ ಮಾಡಿಕೊಳ್ಳದ ವಿಷಯವೆಂದರೆ ಬೂಸ್ಟು. ಮಳೆ ಬಂದು ಮುಚ್ಚಳ ಸೋರಿದರೆ ಜೋಳ ಕೊಳವೆಯ ಬಾಯಲ್ಲಿ ಗಟ್ಟಿ ಉಂಡೆಯಾಗುತ್ತದೆ. ಕೈ ಹಾಕಿ ಮುರಿದರೆ ಬೆಚ್ಚಗಿರುತ್ತದೆ. ಹುಳಿ ವಾಸನೆ, ಹಳದಿ ಹಸಿರು ಪುಡಿ. ಆಸ್ಪರ್ಜಿಲಸ್ ಜಾತಿಯ ಬೂಸ್ಟು ಅದಾಗಿದ್ದರೆ ಅಫ್ಲಾಟಾಕ್ಸಿನ್ ಎಂಬ ವಿಷ ಮಾಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಶೇಂಗಾ ಹಿಂಡಿ ತಿಂದು ಸತ್ತಾಗಲೇ ಈ ವಿಷ ಪತ್ತೆಯಾದದ್ದು. ಟೆಕ್ಸಸ್‌ನಲ್ಲಿ ಕಾಡುಪ್ರಾಣಿಗಳಿಗೆಂದು ಮಾರುವ ಜೋಳದಲ್ಲಿ ಅದು ನೂರು ಕೋಟಿ ಪಾಲಿನಲ್ಲಿ 20 ಪಾಲು ಮೀರಬಾರದು. ಚೀಲ ಅಂಗಡಿಯಿಂದ ಶುದ್ಧವಾಗಿ ಬಂದರೂ ಡ್ರಮ್ಮಿನೊಳಗೆ ಕೆಡುವುದನ್ನು ತಡೆಯುವುದು ತುಂಬುವವರ ಕೈಯಲ್ಲಿದೆ. ಫೀಡರಿನ ಕೆಳಗೆ ಜಿಂಕೆ ಮಾತ್ರ ತಿನ್ನುವುದಿಲ್ಲ, ಕಾಡು ಟರ್ಕಿ, ಕ್ವೇಲ್ ಹಕ್ಕಿ ಎಲ್ಲವೂ ಬರುತ್ತವೆ, ಮತ್ತು ಹಕ್ಕಿಗಳಿಗೆ ಈ ವಿಷ ಬೇಗ ತಾಗುತ್ತದೆ. ಒಂದು ಲೀಸಿನವರು ನೂರೈವತ್ತು ಕಿಲೋದಷ್ಟು ಕೆಟ್ಟ ಜೋಳ ನಾನು ಹೊರಗೆ ತೆಗೆದು ಹೂತದ್ದಕ್ಕೆ ಸಿಟ್ಟಾದರು. “ಜಿಂಕೆ ತಾನೇ, ತಿಂದುಕೊಳ್ಳುತ್ತಿತ್ತು” ಅಂದರು. ಅವರ ಗೇಟಿನ ಬೀಗದ ನಂಬರನ್ನು ಅವತ್ತೇ ನನ್ನ ಪುಸ್ತಕದಿಂದ ಹೊಡೆದುಹಾಕಿದೆ.

ಇಷ್ಟು ಯಾಕೆ ಹಚ್ಚಿಕೊಳ್ಳುತ್ತೇನೆ ಅಂದರೆ, ನಾನು ಗೊಂಜಾಳದ ಸೀಮೆಯಲ್ಲಿ ಹುಟ್ಟಿದ್ದು. ನಮ್ಮ ಹೊಲ ರಾಣೆಬೆನ್ನೂರಿನ ಕೃಷ್ಣಮೃಗ ಧಾಮದ ಕಡೆಗೇ ಇದೆ. 1974ರಲ್ಲಿ ಆದ ಧಾಮ ಅದು, 119 ಚದರ ಕಿಲೋಮೀಟರ್. ಚಿಗರಿಗಳಿಗೆ (ಕೃಷ್ಣಮೃಗಕ್ಕೆ ನಮ್ಮ ಕಡೆಯ ಹೆಸರು) ಅದರ ಗಡಿ ಏನು ಗೊತ್ತು? ಜೂನ್‌ನಲ್ಲಿ ಬಿತ್ತಿ, ಮೊಳಕೆ ನಾಲ್ಕು ಬೆರಳು ಎದ್ದಿತು ಅನ್ನುವಾಗ ಹಿಂಡಾಗಿ ಬಂದು ಸಾಲುಸಾಲೇ ಕಿತ್ತು ತಿನ್ನುತ್ತಿದ್ದವು. ಮುಟ್ಟುವಂತಿಲ್ಲ, 1972ರ ವನ್ಯಜೀವಿ ಕಾಯಿದೆ ಇದೆ. ಮುಟ್ಟಬೇಕೆಂಬ ಮನಸ್ಸೂ ಅಪ್ಪನಿಗೆ ಇರಲಿಲ್ಲ. ನಸುಕಿಗೇ ಎದ್ದು ಹೋಗಿ ಡಬ್ಬಿ ಬಡಿಯುತ್ತಾ ಬದುವಿನ ಮೇಲೆ ಓಡಾಡುತ್ತಿದ್ದ. ಶಾಲೆಗೆ ಹೋಗುವ ಮೊದಲು ಆ ಡಬ್ಬಿ ನನ್ನ ಕೈಗೆ ಬರುತ್ತಿತ್ತು.

ಕೆರ್ ಕೌಂಟಿಯ ಒಂದು ಲೀಸಿನಲ್ಲಿ, ಅಕ್ಟೋಬರ್‌ನ ಒಂದು ಬೆಳಗ್ಗೆ, ಫೀಡರ್ ತುಂಬಿ ಗಾಡಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ಸೀಡರ್ ಪೊದೆಯ ಹಿಂದಿನಿಂದ ಕಪ್ಪು ಬೆನ್ನು, ಬಿಳಿ ಹೊಟ್ಟೆ, ಸುರುಳಿ ಸುತ್ತಿದ ಕೊಂಬಿನ ಗಂಡು ಚಿಗರಿ ಹೊರಗೆ ಬಂತು. ಕಪ್ಪು ಮುಖದಲ್ಲಿ ಕಣ್ಣಿನ ಸುತ್ತ ಅದೇ ಬಿಳಿ ಉಂಗುರ. 1932ರಲ್ಲಿ ಈ ಗುಡ್ಡಗಳಲ್ಲಿ ನಮ್ಮ ಕಡೆಯ ಕೃಷ್ಣಮೃಗವನ್ನೂ ಚುಕ್ಕೆ ಜಿಂಕೆಯನ್ನೂ ತಂದು ಬಿಟ್ಟಿದ್ದರು ಅಂತ ಓದಿದ್ದೆ. ಓದುವುದು ಬೇರೆ. ಮೊಳಕೆ ಕಿತ್ತು ತಿಂದವರ ವಂಶದ್ದೊಂದು ನಾನು ಆಗಷ್ಟೇ ಸುರಿದ ಜೋಳವನ್ನು ಹತ್ತು ಮಾರು ದೂರದಲ್ಲಿ ಒಂದೊಂದೇ ಕಾಳು ಆರಿಸಿ ತಿನ್ನುವುದನ್ನು ನೋಡುವುದೇ ಬೇರೆ. ಊರಲ್ಲಿ ಆಗ ಸಂಜೆ. ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ.

“ಅಲ್ಲೂ ಚಿಗರಿ ಅದಾವೇನು?” ಅಂದ. ಸುಮ್ಮನೆ ಬಹಳ ಹೊತ್ತು ನೋಡಿದ. ಆಮೇಲೆ, “ಇವಕ್ಕ ಕಾಳು ಹಾಕಾಕ ರೊಕ್ಕ ಕೊಡ್ತಾರಾ? ಕ್ವಿಂಟಲ್‌ಗೆ ಎಷ್ಟು ಬೀಳತೈತಿ ಅಲ್ಲಿ?” ಚೀಲ ಹತ್ತು ಡಾಲರ್ ಅಂತ ಹಿಡಿದು ಲೆಕ್ಕ ಹಾಕಿದೆ, ಮೂರೂವರೆ ಸಾವಿರ ರೂಪಾಯಿ ದಾಟಿತು. ಅಂಗಡಿಯ ಬೆಲೆ, ಸೋಸಿ ಚೀಲ ಮಾಡಿದ್ದು ಅನ್ನುವುದು ನಿಜ. ಆದರೂ 2025-26ರ ಹಂಗಾಮಿಗೆ ಗೊಂಜಾಳದ ಬೆಂಬಲ ಬೆಲೆ 2,400 ರೂಪಾಯಿ, ಅದೂ ಸಿಗದೆ ನಮ್ಮ ಕಡೆಯ ರೈತರು ರಸ್ತೆಗೆ ಇಳಿಯಬೇಕಾಯಿತು. ಇದನ್ನು ನೆನೆದಾಗೆಲ್ಲ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಈಗ ಎರಡನೇ ಪ್ರಶ್ನೆಗೆ ಬರುತ್ತೇನೆ. ಅನ್ನಿಸುತ್ತದೆ. ನಮ್ಮ ಮನೆಯಲ್ಲಿ ಮಾಂಸ ತಿನ್ನುವುದಿಲ್ಲ, ನಾನು ಬಂದೂಕು ಮುಟ್ಟಿಲ್ಲ. ನವೆಂಬರ್ ಮೊದಲ ಶನಿವಾರ ಹಂಗಾಮು ಶುರುವಾದರೆ, ಕ್ಯಾಮರಾದಲ್ಲಿ ತಿಂಗಳುಗಟ್ಟಲೆ ಕಂಡು ಗುರುತು ಹಿಡಿದ ಗಂಡು ಜಿಂಕೆಯ ಚಿತ್ರ ಒಂದು ದಿನ ನಿಂತುಹೋಗುತ್ತದೆ. ಆ ವಾರ ಮನಸ್ಸು ಭಾರವಾಗಿರುತ್ತದೆ. ಹಾಗಂತ ಬೇಟೆಗಾರರನ್ನು ಕೆಟ್ಟವರು ಅನ್ನಲಾರೆ. ಈ ಗುಡ್ಡಗಳಲ್ಲಿ ತೋಳ ಇಲ್ಲ. ಮರಿಗಳ ಗಾಯದಲ್ಲಿ ಮೊಟ್ಟೆಯಿಟ್ಟು ಕೊಲ್ಲುತ್ತಿದ್ದ ಸ್ಕ್ರೂವರ್ಮ್ ನೊಣವನ್ನು ಕಳೆದ ಶತಮಾನದಲ್ಲೇ ತೊಲಗಿಸಿದ ಮೇಲೆ ಜಿಂಕೆಗಳು ಮಿತಿಮೀರಿ ಬೆಳೆದವು. ಮೇವು ಸಾಲದೆ ಪಕ್ಕೆಲುಬು ಎಣಿಸುವ ಹಾಗಾದ ಜಿಂಕೆಗಳನ್ನು ಬರಗಾಲದಲ್ಲಿ ನಾನೇ ಕಂಡಿದ್ದೇನೆ. ನನ್ನ ಲೀಸಿನವರು ಹೊಡೆದದ್ದನ್ನು ಮನೆಮಂದಿಯೆಲ್ಲ ತಿನ್ನುತ್ತಾರೆ, ಹಾಳು ಮಾಡುವುದಿಲ್ಲ.

ಆದರೆ ಫೀಡರಿನ ಮೇಲೆ ಇರುವ ಒಂದು ಆಕ್ಷೇಪ ಸರಿಯಾದದ್ದು, ಅದನ್ನು ಮುಚ್ಚಿಡುವುದಿಲ್ಲ. ಜಿಂಕೆಗಳ ಮೆದುಳನ್ನು ತೂತು ತೂತು ಮಾಡುವ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಎಂಬ ರೋಗವಿದೆ, ಮದ್ದಿಲ್ಲ. ಟೆಕ್ಸಸ್‌ನ ಪಶ್ಚಿಮದ ತುದಿಯಲ್ಲಿ 2012ರಲ್ಲಿ ಮೊದಲು ಕಂಡಿತು, 2015ರಲ್ಲಿ ಮೆಡಿನಾ ಕೌಂಟಿಯ ಸಾಕಿದ ಜಿಂಕೆಗಳಲ್ಲಿ ಸಿಕ್ಕಿತು. ಜೊಲ್ಲು, ಮೂತ್ರ, ಮಣ್ಣಿನ ಮೂಲಕ ಹರಡುತ್ತದೆ. ಹತ್ತಾರು ಜಿಂಕೆ ಒಂದೇ ಜಾಗದಲ್ಲಿ ಮೂತಿಗೆ ಮೂತಿ ತಾಗಿಸಿ ತಿಂದರೆ ಹರಡಲು ದಾರಿ ಮಾಡಿಕೊಟ್ಟಂತೆ. ಜೊತೆಗೆ ಜೋಳ ಜಿಂಕೆಗೆ ಊಟವಲ್ಲ, ಪೆಪ್ಪರಮಿಂಟು. ಅದರಲ್ಲಿ ಪ್ರೋಟೀನು ನೂರಕ್ಕೆ ಎಂಟರ ಆಸುಪಾಸು. ಹಸಿದ ಜಿಂಕೆ ಒಮ್ಮೆಲೇ ಹೊಟ್ಟೆತುಂಬ ತಿಂದರೆ ಮೆಲುಕುಚೀಲ ಹುಳಿಯಾಗಿ ಸಾಯಲೂಬಹುದು. ಅದಕ್ಕೇ ಟೈಮರಿನ ಸೆಕೆಂಡು ಹೆಚ್ಚಿಸಿ ಅಂತ ಯಾರಾದರೂ ಕೇಳಿದರೆ ನಾನು ಒಪ್ಪುವುದಿಲ್ಲ. ನಾಲ್ಕು ಕಡೆ ಸ್ವಲ್ಪ ಸ್ವಲ್ಪ ಚೆಲ್ಲೋಣ, ತುಳಿದು ಕೆಸರಾದ ಜಾಗದಿಂದ ಫೀಡರ್ ಎತ್ತಿ ಬೇರೆ ಕಡೆ ಇಡೋಣ ಅನ್ನುತ್ತೇನೆ. ಜೊಲ್ಲು ಸುರಿಸುತ್ತಾ ತಲೆ ಇಳಿಬಿಟ್ಟು ನಿಂತ ಜಿಂಕೆ ಕಂಡರೆ ಅವತ್ತೇ ರಾಜ್ಯದ ವನ್ಯಜೀವಿ ಇಲಾಖೆಗೆ ತಿಳಿಸುತ್ತೇನೆ, ಲೀಸಿನವರಿಗೆ ಇಷ್ಟವಿರಲಿ ಬಿಡಲಿ. ಇದಕ್ಕೆ ಒಪ್ಪಿದವರ ಕೆಲಸ ಮಾತ್ರ ಹಿಡಿಯುತ್ತೇನೆ.

ಈಚೆಗೆ ಮೂರನೆಯ ಪ್ರಶ್ನೆಯೂ ಶುರುವಾಗಿದೆ. ಕೆಲಸ ಕಳೆದುಕೊಂಡ ಇಬ್ಬರು ಹುಡುಗರು, “ನಾವೂ ಇದನ್ನ ಮಾಡಬಹುದಾ?” ಅಂತ ಕೇಳಿದರು. ಮಾಡಬಹುದು. ವೀಸಾದಲ್ಲಿ ಇರುವವರು ಮೊದಲು ವಕೀಲರನ್ನು ಕೇಳಿ, ಹೊರಗಿನ ದುಡಿಮೆಗೆ ಅನುಮತಿ ಬೇಕು. ಒಂದು ಗಟ್ಟಿ ಪಿಕಪ್ಪು, ಎರಡು ಸ್ಟೆಪ್ನಿ ಟೈರು ಇರಲಿ, ಮೆಸ್ಕೀಟ್ ಮುಳ್ಳು ನಮ್ಮ ಜಾಲಿಯದೇ ನೆಂಟ. ಮೊಣಕಾಲುದ್ದದ ಬೂಟು ಬೇಕು, ಬುಡುಬುಡಿಕೆ ಹಾವು ಡ್ರಮ್ಮಿನ ನೆರಳಲ್ಲೇ ಮಲಗಿರುತ್ತದೆ. ತೆರೆದ ಗೇಟು ತೆರೆದೇ ಇರಲಿ, ಮುಚ್ಚಿದ್ದನ್ನು ಮುಚ್ಚಿಯೇ ಹೋಗಬೇಕು. ನವೆಂಬರ್‌ನ ತಂಪಿನಲ್ಲಿ ಬಂದು ನೋಡಿ ತೀರ್ಮಾನ ಮಾಡಬೇಡಿ, ಆಗಸ್ಟ್‌ನಲ್ಲಿ ಬನ್ನಿ. ಬೆಳಗ್ಗೆ ನಾಲ್ಕೂವರೆಗೆ ನಮ್ಮ ಮನೆಯ ಮುಂದೆ ನಿಂತಿದ್ದರೆ ಕರೆದುಕೊಂಡು ಹೋಗುತ್ತೇನೆ. ಮೊದಲ ದಿನ ಚೀಲ ಹೊರಿಸುವುದಿಲ್ಲ. ಡ್ರಮ್ಮು ತಟ್ಟಿ ಕಾಳು ಎಲ್ಲಿಯವರೆಗಿದೆ ಅಂತ ಹೇಳಬೇಕು, ಅಷ್ಟೇ.