ಅಂಕ ಒಂದನ್ನೇ ನೋಡಿದರೆ ಸಾಲದಾ?

ವಿಶ್ವವಿದ್ಯಾಲಯಕ್ಕೆ ಬರುವ ಅರ್ಜಿಗಳನ್ನು ಓದುವ ಕೆಲಸ ನನ್ನದು ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುತ್ತಾರೆ: "ಸೀಟು ಕೊಡುವಾಗ ಅಂಕ ನೋಡಿದರೆ ಸಾಲದಾ? ಮನೆ, ಶಾಲೆ, ಅಪ್ಪ ಅಮ್ಮನ ಓದು, ಇದೆಲ್ಲ ಯಾಕೆ?"

ಸಾಲದು. ಅಂಕ ಸುಳ್ಳು ಅಂತಲ್ಲ. ಅದು ಎಲ್ಲಿಂದ ಬಂತು ಅಂತ ಗೊತ್ತಿಲ್ಲದಿದ್ದರೆ ಅದರ ಅರ್ಥವೇ ಸಿಗುವುದಿಲ್ಲ.

ಎರಡು ಅರ್ಜಿ ಪಕ್ಕಪಕ್ಕ ಇಟ್ಟುಕೊಳ್ಳಿ. ಎರಡರಲ್ಲೂ ಭೌತಶಾಸ್ತ್ರಕ್ಕೆ 82. ಒಬ್ಬನ ಶಾಲೆಯಲ್ಲಿ ಅರ್ಧ ತರಗತಿಯೇ 80 ದಾಟಿದೆ, ಮೇಲಿಂದ ಟ್ಯೂಷನ್ ಬೇರೆ. ಇನ್ನೊಬ್ಬಳ ಶಾಲೆಯಲ್ಲಿ ಅವಳ ನಂತರದ ಅಂಕ 61. ಮೇಷ್ಟ್ರು ಬಂದಿದ್ದೇ ಅರ್ಧ ವರ್ಷ ಕಳೆದ ಮೇಲೆ. ಲೋಲಕವನ್ನು ಅವಳು ಚಿತ್ರದಲ್ಲಿ ಮಾತ್ರ ನೋಡಿದ್ದಾಳೆ. ಈ ಎರಡು 82 ಒಂದೇ ಅಲ್ಲ, ಅಲ್ವಾ? ಅವಳಿಗೆ 78 ಬಂದಿದ್ದರೂ ನಾನು ಅವಳ ಅರ್ಜಿಯನ್ನು ಬದಿಗಿಡುತ್ತಿರಲಿಲ್ಲ. ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳು ಇಂಥವರಿಂದ ಒಂದೆರಡು ಗ್ರೇಡ್ ಕಮ್ಮಿ ಕೇಳುವುದು ಇದಕ್ಕೇ.

ನನಗೆ ನಿಜವಾಗಿ ನೋವಾಗುವುದು ಬೇರೆ ಕಡೆ. ಹಿನ್ನೆಲೆ ತಿಳಿಯಬೇಕು ಅಂತ ಮಕ್ಕಳ ಕೈಯಲ್ಲಿ ಪ್ರಬಂಧ ಬರೆಸುತ್ತೇವೆ. ಅಮೆರಿಕದ ಸುಪ್ರೀಂ ಕೋರ್ಟ್ 2023ರಲ್ಲಿ, ಜನಾಂಗ ನೋಡಿ ಸೀಟು ಕೊಡಬಾರದು, ಆದರೆ ಅದು ತನ್ನ ಬದುಕನ್ನು ಹೇಗೆ ತಟ್ಟಿತು ಅಂತ ವಿದ್ಯಾರ್ಥಿ ಬರೆದರೆ ಓದಬಹುದು ಅಂತ ಹೇಳಿತು. ಆಗ ಹದಿನೇಳು ವರ್ಷದ ಮಗು ತನ್ನ ಮನೆಯ ಕಷ್ಟವನ್ನು ಗುರುತಿಲ್ಲದವರ ಮುಂದೆ ಬಿಚ್ಚಿಡಬೇಕು. ಚೆನ್ನಾಗಿ ಬರೆಯಲು ಬಂದವರ ಕಷ್ಟ ದೊಡ್ಡದಾಗಿ ಕಾಣುತ್ತದೆ. ತಮ್ಮನನ್ನು ನೋಡಿಕೊಂಡೇ ಓದಿದ ಹುಡುಗಿ ಅದನ್ನು ಕಷ್ಟ ಅಂತ ಎಣಿಸುವುದೇ ಇಲ್ಲ, ಬರೆಯುವುದೂ ಇಲ್ಲ.

ಅದಕ್ಕೇ ನನಗೆ ಟೆಕ್ಸಸ್‌ನ 1997ರ ಕಾನೂನು ಇಷ್ಟ. ಪ್ರತಿ ಹೈಸ್ಕೂಲಿನಲ್ಲೂ ಮೊದಲ 10 ಪರ್ಸೆಂಟಿನಲ್ಲಿ ಬಂದವರಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ. (ಆಸ್ಟಿನ್ ನಗರದ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ನೂಕುನುಗ್ಗಲಾಗಿ ಆಮೇಲೆ ಅಲ್ಲಿಗೆ ನಿಯಮ ಬಿಗಿ ಮಾಡಿದರು.) ಬ್ರೆಜಿಲ್ 2012ರಲ್ಲಿ ಕೇಂದ್ರ ವಿಶ್ವವಿದ್ಯಾಲಯಗಳ ಅರ್ಧ ಸೀಟನ್ನು ಸರ್ಕಾರಿ ಹೈಸ್ಕೂಲಿನಲ್ಲಿ ಓದಿದವರಿಗೆ ಇಟ್ಟಿತು. ಎರಡೂ ಕಡೆ ಶಾಲೆಯ ದಾಖಲೆಯೇ ಮಾತಾಡುತ್ತದೆ. ಕಣ್ಣೀರಿನ ಕತೆ ಯಾರೂ ಬರೆಯಬೇಕಿಲ್ಲ.

ಆದರೆ ಸೀಟು ಕೊಟ್ಟು ಕೈ ತೊಳೆದುಕೊಂಡರೆ ಆಗಲಿಲ್ಲ. ಲೋಲಕವನ್ನು ಚಿತ್ರದಲ್ಲಿ ಮಾತ್ರ ನೋಡಿದ ಆ ಹುಡುಗಿ ಮೊದಲ ದಿನ ಲ್ಯಾಬಿಗೆ ಬಂದಾಗ ಉಳಿದವರ ಕೈ ಪಳಗಿರುತ್ತದೆ. ಮೊದಲ ಸೆಮಿಸ್ಟರ್ ಪೂರ್ತಿ ಸಂಜೆ ಹೊತ್ತು ಆ ಲ್ಯಾಬಿನ ಬಾಗಿಲು ತೆರೆದಿರಬೇಕು, ಒಳಗೆ ಹೇಳಿಕೊಡುವವರು ಒಬ್ಬರು ಇರಬೇಕು.