ಇದು ಯಾವ ಹಾವು?

ರಾತ್ರಿ ಹತ್ತು ಗಂಟೆ ಮೇಲೆ ನನ್ನ ಫೋನಿಗೆ ಫೋಟೋ ಬಂತು ಅಂದ್ರೆ ಅದು ಹೆಚ್ಚಾಗಿ ಹಾವಿನದ್ದೇ. ಕೆಳಗೆ ಒಂದೇ ಸಾಲು: "ಇದು ಯಾವ್ದು, ವಿಷ ಇದ್ಯಾ?" ಹಾವುಗಳ ಹುಚ್ಚು ಹತ್ತಿದ ಹೊಸದರಲ್ಲಿ ಐದು ಸೆಕೆಂಡಿನಲ್ಲಿ ಉತ್ತರ ಕೊಡುತ್ತಿದ್ದೆ. ಹದಿನಾಲ್ಕು ವರ್ಷ ಆಯಿತು, ಈಗ ತುಂಬಾ ಹೊತ್ತು ಬೇಕು.

ಆಗ ನನ್ನ ಹತ್ತಿರ ಒಂದು ಸುಲಭದ ಲೆಕ್ಕ ಇತ್ತು. ತೋಳ ಹಾವಿಗೆ ಕುತ್ತಿಗೆ ಹತ್ತಿರ ಪಟ್ಟಿ ದಟ್ಟ, ಬಾಲದ ಕಡೆ ಮಾಸುತ್ತದೆ. ಕಟ್ಟುಹಾವಿಗೆ ಇದರ ಉಲ್ಟಾ, ತಲೆ ಕಡೆ ಪಟ್ಟಿ ಇರುವುದಿಲ್ಲ ಅಥವಾ ತೀರಾ ತೆಳು, ಹಿಂದೆ ಹೋದಂತೆ ಎದ್ದು ಕಾಣುತ್ತದೆ. ಮೊದಲನೆಯದಕ್ಕೆ ವಿಷ ಇಲ್ಲ. ಎರಡನೆಯದು ನಿದ್ದೆಯಲ್ಲಿ ಕಚ್ಚಿದರೆ ಎಷ್ಟೋ ಸಲ ನೋವೇ ಗೊತ್ತಾಗುವುದಿಲ್ಲ, ಬೆಳಗಾಗುವಷ್ಟರಲ್ಲಿ ಉಸಿರಾಟಕ್ಕೇ ಕುತ್ತು.

ತೀರ್ಥಹಳ್ಳಿ ಕಡೆಯಿಂದ ಚಿಕ್ಕಪ್ಪನ ಮಗ ಒಂದು ಸಣ್ಣ ಹಾವಿನ ಫೋಟೋ ಕಳಿಸಿದ. ಕುತ್ತಿಗೆಯಿಂದಲೇ ಪಟ್ಟಿ ಇತ್ತು. "ತೋಳ ಹಾವು ಕಣೋ, ಹೆದರಬೇಡ" ಅಂದೆ. ಅದು ಕಟ್ಟುಹಾವಿನ ಮರಿ. ಮರಿಗಳಿಗೆ ಮುಂದಿನ ಪಟ್ಟಿಗಳೂ ಚೆನ್ನಾಗಿ ಕಾಣುತ್ತವೆ ಅನ್ನುವುದು ನನಗೆ ಆಗ ಗೊತ್ತಿರಲಿಲ್ಲ. ಪುಣ್ಯಕ್ಕೆ ಅವನು ಅದನ್ನು ಕೋಲಿನಿಂದ ದೂರ ತಳ್ಳಿದ್ದ, ಕೈಯಲ್ಲಿ ಮುಟ್ಟಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಬೆನ್ನಿನ ಹುರುಪೆ ನೋಡುವುದನ್ನು ಕಲಿತೆ. ಕಟ್ಟುಹಾವಿಗೆ ನಡುಬೆನ್ನಿನ ಸಾಲಿನ ಹುರುಪೆಗಳು ಅಕ್ಕಪಕ್ಕದವಕ್ಕಿಂತ ದೊಡ್ಡವು, ಆರು ಮೂಲೆಯವು. ಒಮ್ಮೆ ಕಣ್ಣಿಗೆ ಬಿದ್ದರೆ ಮರೆಯುವುದಿಲ್ಲ. ಆದರೆ ಕತ್ತಲಲ್ಲಿ, ಅಲುಗಾಡಿದ ಫೋಟೋದಲ್ಲಿ ಅದು ಕಾಣಬೇಕಲ್ವಾ?

ಹಾವಿನ ದೊಡ್ಡ ತಜ್ಞರ ವಿಷಯವೂ ಹೀಗೇ ಅಂತ ಗೊತ್ತಾದದ್ದು 2024ರಲ್ಲಿ. ಕಾಳಿಂಗ ಸರ್ಪಕ್ಕೆ 1836ರಲ್ಲಿ ವಿಜ್ಞಾನದ ಹೆಸರು ಸಿಕ್ಕಿತು. ಅಲ್ಲಿಂದ ಸುಮಾರು 190 ವರ್ಷ, ಭಾರತದಿಂದ ಫಿಲಿಪೀನ್ಸ್‌ವರೆಗೂ ಅದು ಒಂದೇ ಜಾತಿ ಅಂತ ಪುಸ್ತಕಗಳು ಹೇಳುತ್ತಾ ಬಂದವು. ಕಾಳಿಂಗಗಳ ಅಧ್ಯಯನ ಮಾಡುವ ನಮ್ಮ ಗೌರಿಶಂಕರ್ ಅವರಿಗೆ 2005ರಲ್ಲಿ ಕಾಳಿಂಗ ಕಚ್ಚಿತ್ತು, ಥಾಯ್ಲೆಂಡಿನ ಕಾಳಿಂಗದ ವಿಷಕ್ಕೆ ಮಾಡಿದ ಔಷಧ ಅವರಿಗೆ ಸರಿಯಾಗಿ ನಾಟಲಿಲ್ಲ. ಎರಡೂ ಒಂದೇ ಹಾವಾದರೆ ಹೀಗೇಕೆ ಅನ್ನುವ ಪ್ರಶ್ನೆಯನ್ನು ಅವರು ಬಿಡಲಿಲ್ಲ. ಕೊನೆಗೆ ಅವರು ಮತ್ತು ಜೊತೆಗಾರರು ತೋರಿಸಿಕೊಟ್ಟರು, ಜಾತಿ ಒಂದಲ್ಲ, ನಾಲ್ಕು. ಪಶ್ಚಿಮ ಘಟ್ಟದ್ದಕ್ಕೆ ಇಟ್ಟ ಹೆಸರು ಒಫಿಯೋಫ್ಯಾಗಸ್ ಕಾಳಿಂಗ, ನಮ್ಮ ಕನ್ನಡದ ಪದವೇ. ಅದನ್ನು ಓದಿ ನನಗೆ ಕಣ್ಣು ತುಂಬಿ ಬಂತು. ಆ ಹಾವಿನ ಬಗ್ಗೆ ಅಷ್ಟು ತಿಳಿದವರೇ "ಇದು ನಿಜಕ್ಕೂ ಒಂದೇನಾ?" ಅಂತ ಕೇಳಿಕೊಂಡರಲ್ಲ!

ಹೋದ ತಿಂಗಳು ಸಾಗರದಿಂದ ಗೆಳತಿಯೊಬ್ಬಳು ಫೋಟೋ ಕಳಿಸಿದಳು. ಒರಳುಕಲ್ಲಿನ ಪಕ್ಕ ಸುತ್ತಿಕೊಂಡ ಕಪ್ಪು ಮೈ, ಅರ್ಧ ಮಾತ್ರ ಕಾಣುತ್ತಿತ್ತು. ತಲೆ ಇಲ್ಲ, ಬಾಲ ಇಲ್ಲ. "ಇದರಲ್ಲಿ ಹೇಳೋಕಾಗಲ್ಲ, ಎಲ್ಲರೂ ಆ ಕೋಣೆಯಿಂದ ಹೊರಗೆ ಬನ್ನಿ, ಬಾಗಿಲ ಸಂದಿಗೆ ಬಟ್ಟೆ ತುರುಕಿ" ಅಂತ ಬರೆದು, ಆ ಕಡೆ ಹಾವು ಹಿಡಿಯುವವರ ನಂಬರ್ ಕಳಿಸಿದೆ. ಅವರು ಬರುವಷ್ಟರಲ್ಲಿ ಅದು ಬಚ್ಚಲ ತೂಬಿನಿಂದ ಹೋಗಿತ್ತು. ಯಾವ ಹಾವು ಅಂತ ಅವಳು ಈಗಲೂ ಕೇಳುತ್ತಾಳೆ. ಗೊತ್ತಿಲ್ಲ ಅಂತಲೇ ಹೇಳುತ್ತೇನೆ.